ಹೊಸ ಕ್ಲೈಂಟ್ ಬಂದರೆ ಯಾವ ಪರೀಕ್ಷೆ? ಕೊಡಗಿನಲ್ಲಿ ಕಿನೀಸಿಯಾಲಜಿ ಕೆಲಸ ಮಾಡುವವರಿಗೆ ಒಂದು ಹೋಲಿಕೆ

ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಒಂದು ರೂಮು ಬಾಡಿಗೆಗೆ ಹಿಡಿದು ಕಿನೀಸಿಯಾಲಜಿ, ಅಂದರೆ ಮೈಯ ಚಲನೆಯ ವಿದ್ಯೆ, ನೆಚ್ಚಿಕೊಂಡು ವ್ಯಾಯಾಮ, ಚಲನೆಯ ತರಬೇತಿ ಶುರು ಮಾಡಿದವರಿಗೆಲ್ಲ ಒಂದು ಗೊಂದಲ ಇದ್ದೇ ಇರುತ್ತದೆ. ಹೊಸಬರು ಬಂದಾಗ ಅವರ ಆರೋಗ್ಯ ಹೇಗಿದೆ ಎಂದು ತಿಳಿಯುವುದು ಹೇಗೆ? ಒಂದು ಫಾರಂ ತುಂಬಿಸಿದರೆ ಸಾಕಾ? ನಡೆಸಿ, ಕೂರಿಸಿ, ಏಳಿಸಿ ನೋಡಬೇಕಾ? ಮೈಯ ಕೊಬ್ಬು ತೋರಿಸುವ ಮೆಷಿನ್ ತರಬೇಕಾ? ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮಾಡಿಸಿಕೊಂಡು ಬನ್ನಿ ಅನ್ನಬೇಕಾ? ಆನ್‌ಲೈನ್‌ನಲ್ಲಿ ಹುಡುಕಿದರೆ ನೂರು ಪರೀಕ್ಷೆ ಸಿಗುತ್ತವೆ. ಎಲ್ಲವನ್ನೂ ಮಾಡಲು ಹೊರಟರೆ ಮೊದಲ ದಿನವೇ ಕ್ಲೈಂಟ್ ಸುಸ್ತಾಗಿ, ಎರಡನೇ ದಿನ ಬರುವುದೇ ಇಲ್ಲ.

ಪರೀಕ್ಷೆಗಳಿಗಿಂತ ಮೊದಲು ಅವನ್ನು ಅಳೆಯುವ ಕೋಲು ಬೇಕಲ್ಲ, ಅದನ್ನು ನೋಡೋಣ.

ಎಲ್ಲಕ್ಕಿಂತ ಮುಖ್ಯವಾದದ್ದು, ಈ ಫಲಿತಾಂಶ ಬಂದರೆ ನಾಳೆ ನಾನು ಮಾಡಿಸುವ ವ್ಯಾಯಾಮ ಬದಲಾಗುತ್ತದಾ ಅನ್ನುವುದು. ಬದಲಾಗದಿದ್ದರೆ ಆ ಪರೀಕ್ಷೆ ಸುಮ್ನೆ. ಇನ್ನೊಂದು, ಪರೀಕ್ಷೆಯಿಂದಲೇ ಅಪಾಯ ಆಗಬಾರದು. ಮತ್ತೊಂದು, ಅದೇ ವ್ಯಕ್ತಿಗೆ ಮಾರನೇ ದಿನ ಅದೇ ಪರೀಕ್ಷೆ ಮಾಡಿದರೆ ಹೆಚ್ಚು ಕಡಿಮೆ ಅದೇ ಅಂಕಿ ಬರಬೇಕು. ಬಾರದಿದ್ದರೆ ಮೂರು ತಿಂಗಳ ನಂತರ ಕಾಣುವ ಸುಧಾರಣೆ ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಆಮೇಲೆ ಎದುರಿಗಿರುವ ವ್ಯಕ್ತಿಗೆ ಅದು ಒಗ್ಗಬೇಕು. ಅವರ ಭಾಷೆ, ಬಟ್ಟೆ, ಮಂಡಿ, ವಯಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ದುಡ್ಡು, ಸಮಯ ಕೊನೆಗೆ. ಹಲವರು ದುಡ್ಡಿನಿಂದಲೇ ಶುರು ಮಾಡುತ್ತಾರೆ, ಅಲ್ಲೇ ಎಡವಟ್ಟು.

ಪ್ರಶ್ನೆ ಮತ್ತು ಬಿಪಿ: ಇದರಲ್ಲಿ ಆಯ್ಕೆ ಇಲ್ಲ

ಬೇರೆ ಪರೀಕ್ಷೆಗಳಲ್ಲಿ ಇದು ಬೇಕೋ ಅದು ಬೇಕೋ ಎಂದು ಯೋಚಿಸಬಹುದು. ಇದನ್ನು ಮಾತ್ರ ಬಿಡುವ ಹಾಗಿಲ್ಲ.

ಪ್ರಶ್ನಾವಳಿಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕೆನಡಾದಲ್ಲಿ ಹುಟ್ಟಿದ ಪಾರ್-ಕ್ಯು ಪ್ಲಸ್. ಮೊದಲ ಪುಟದಲ್ಲಿ 7 ಪ್ರಶ್ನೆ. ಹೃದಯದ ತೊಂದರೆ ಅಥವಾ ಬಿಪಿ ಇದೆ ಎಂದು ಡಾಕ್ಟರ್ ಹೇಳಿದ್ದಾರಾ, ಎದೆ ನೋವು ಬರುತ್ತದಾ, ಕಳೆದ 12 ತಿಂಗಳಲ್ಲಿ ತಲೆ ಸುತ್ತಿ ಬಿದ್ದಿದ್ದಾರಾ, ಬೇರೆ ದೀರ್ಘಕಾಲದ ಕಾಯಿಲೆ, ಮಾತ್ರೆ, ಮೂಳೆ ಕೀಲಿನ ತೊಂದರೆ, ಡಾಕ್ಟರ ನಿಗಾದಲ್ಲಿ ಮಾತ್ರ ವ್ಯಾಯಾಮ ಮಾಡಿ ಎಂದು ಯಾರಾದರೂ ಹೇಳಿದ್ದಾರಾ. ಎಲ್ಲದಕ್ಕೂ 'ಇಲ್ಲ' ಬಂದರೆ ಶುರು ಮಾಡಬಹುದು. ಒಂದಕ್ಕೆ 'ಹೌದು' ಬಂದರೂ ಮುಂದಿನ ಪುಟಗಳು ಇವೆ. ಇದು ಉಚಿತ, ಐದು ನಿಮಿಷದ ಕೆಲಸ.

ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆ ಎಸಿಎಸ್‌ಎಂ 2015ರಲ್ಲಿ ತನ್ನ ನಿಯಮವನ್ನು ಬದಲಿಸಿ ಮೂರೇ ವಿಷಯಕ್ಕೆ ಇಳಿಸಿತು. ಈಗ ಎಷ್ಟು ವ್ಯಾಯಾಮ ಮಾಡುತ್ತಿದ್ದಾರೆ, ಹೃದಯ, ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇಲ್ಲವೇ ಅದರ ಲಕ್ಷಣ ಇದೆಯಾ, ಮುಂದೆ ಎಷ್ಟು ಜೋರಾಗಿ ಮಾಡಬೇಕೆಂದಿದ್ದಾರೆ. ನನಗೆ ಈ ದಾರಿ ಕೊಡಗಿಗೆ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. ಕಾರಣ ನಮ್ಮ ಬೇಸಿಗೆಯ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ತಂಡಕ್ಕೆ ಶಾಲೆ ಹುಡುಗನೂ ಆಡುತ್ತಾನೆ, ಅವನ ದೊಡ್ಡಪ್ಪನೂ ಆಡುತ್ತಾರೆ. ಚೆಂದವೇ. ಆದರೆ ವರ್ಷಪೂರ್ತಿ ಜೀಪಿನಲ್ಲಿ ಓಡಾಡಿ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾ, ಏಪ್ರಿಲ್‌ನಲ್ಲಿ ಸ್ಟಿಕ್ ಹಿಡಿಯುವ 50ರ ವ್ಯಕ್ತಿಯನ್ನು ನೋಡಿ. ವ್ಯಾಯಾಮದ ರೂಢಿ ಇಲ್ಲ, ಕಾಯಿಲೆ ಇದೆ, ಆಟ ಬಿರುಸು. ಲಕ್ಷಣ ಏನೂ ಇಲ್ಲದಿದ್ದರೂ ಇಂಥವರು ಡಾಕ್ಟರನ್ನು ಕಂಡೇ ಮೈದಾನಕ್ಕೆ ಇಳಿಯಬೇಕು. ಇಲ್ಲಿ 'ರೂಢಿ' ಅಂದರೆ ವಾರಕ್ಕೆ ಕನಿಷ್ಠ 3 ದಿನ, ದಿನಕ್ಕೆ 30 ನಿಮಿಷ, ಕಳೆದ 3 ತಿಂಗಳಿಂದ. "ತೋಟ ಸುತ್ತುತ್ತೇನಲ್ಲ" ಅಂದರೆ, ನಡೆದು ಸುತ್ತುತ್ತೀರಾ, ಜೀಪಿನಲ್ಲಾ ಎಂದು ಕೇಳಿ.

ಫಾರಂ ಕೈಗೆ ಕೊಟ್ಟು ತುಂಬಿ ಅನ್ನಬೇಡಿ. ನಮ್ಮಲ್ಲಿ ಒಂದೇ ದಿನ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು ಮಾತಾಡುವವರು ಬರುತ್ತಾರೆ. ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರೂ ಇದ್ದಾರೆ. ಕೂತು ಮಾತಾಡುತ್ತಾ ಕೇಳಿ. "ಎದೆನೋವು ಇದೆಯಾ ಮಾಮ?" ಅಂದರೆ "ಚೇ, ಇಲ್ಲಪ್ಪ" ಅನ್ನುತ್ತಾರೆ. "ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗಿ ನಿಲ್ಲಬೇಕಾಗುತ್ತದಾ?" ಅಂದರೆ ನಿಜ ಹೊರಗೆ ಬರುತ್ತದೆ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ತರಲು ಹೇಳಿ.

ಬಿಪಿ ಅಳೆಯುವುದಕ್ಕೆ ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವ ಮೆಷಿನ್ ಒಳ್ಳೆಯದು. ಜೊತೆಗೆ ದೊಡ್ಡ ಅಳತೆಯ ಪಟ್ಟಿಯೂ ಒಂದಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು. ಕೊಡಗಿನಲ್ಲಿ ಇದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ, ಅಲ್ವಾ? ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಡಿ, ಕಾಫಿ ಆಮೇಲೆ ಕುಡಿಯೋಣ ಅಂತ. ಎರಡು ಸಲ ಅಳೆದು ಸರಾಸರಿ ಬರೆದುಕೊಳ್ಳಿ. 140/90 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರ ಹತ್ತಿರ ತೋರಿಸಲು ಹೇಳಿ. "ನಿಮಗೆ ಬಿಪಿ ಕಾಯಿಲೆ ಇದೆ" ಅನ್ನಬೇಡಿ. ಕಾಯಿಲೆ ಇದೆ, ಇಲ್ಲ ಎಂದು ಹೇಳುವುದು ನಮ್ಮ ಕೆಲಸ ಅಲ್ಲ. ಅಂಕಿ ಬರೆದು ಕೊಟ್ಟರೆ ಸಾಕು.

ಬೆನ್ನು ನೋವಿಗೆ ಬಂದವರಲ್ಲಿ ಇನ್ನೂ ಕೆಲವು ಕೇಳಬೇಕು. ರಾತ್ರಿ ಮಲಗಿದಾಗಲೂ ನೋವು ಬಿಡುವುದಿಲ್ಲವಾ, ಕಾರಣ ಇಲ್ಲದೆ ತೂಕ ಇಳಿದಿದೆಯಾ, ತೊಡೆಸಂದಿಯ ಸುತ್ತ ಜೋಮು ಹಿಡಿದಿದೆಯಾ, ಮೂತ್ರದ ಹಿಡಿತ ತಪ್ಪಿದೆಯಾ. ಕೊನೆಯ ಎರಡರಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕಾಯುವುದು ಬೇಡ.

ನಡೆಸಿ, ಏಳಿಸಿ, ಹತ್ತಿಸಿ ನೋಡುವ ಪರೀಕ್ಷೆಗಳು

ಕಡಿಮೆ ದುಡ್ಡಿಗೆ ಅತಿ ಹೆಚ್ಚು ಮಾಹಿತಿ ಸಿಗುವುದು ಇಲ್ಲಿಯೇ. ನನ್ನ ಒಲವು ಇತ್ತಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ಸಮತಟ್ಟು ಜಾಗ ಬೇಕು. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂಬುದೇ ಅಂಕಿ. ಮುಂದಿನ ಸಲ ಸುಮಾರು 30 ಮೀಟರ್ ಜಾಸ್ತಿ ಆದರೆ ನಿಜವಾದ ಸುಧಾರಣೆ ಅನ್ನಬಹುದು. 10 ಮೀಟರ್ ಆಚೀಚೆ ಆದರೆ ಅದಕ್ಕೆ ಅರ್ಥ ಕಟ್ಟಬೇಡಿ. ಬಿಪಿಯ ಮೇಲಿನ ಅಂಕಿ 180 ಅಥವಾ ಕೆಳಗಿನದು 100 ದಾಟಿದ್ದರೆ, ಇಲ್ಲವೇ ಕೂತಲ್ಲೇ ನಾಡಿ 120 ದಾಟಿದ್ದರೆ ಆ ದಿನ ನಡೆಸಬೇಡಿ. ಕೊಡಗಿನಲ್ಲಿ ಕಷ್ಟ ಅಂದರೆ ಆ 30 ಮೀಟರ್ ಮಟ್ಟಸ ನೆಲವೇ. ಕಾಫಿ ಒಣಗಿಸುವ ಕಣ ಸರಿಯಾಗಿರುತ್ತದೆ ಅನ್ನಿಸುತ್ತದೆ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಅದರ ತುಂಬ ಕಾಫಿ. ಮಳೆಗಾಲದಲ್ಲಿ ಪಾಚಿ, ಕಾಲಿಟ್ಟರೆ ಜಾರುತ್ತದೆ. ಶಾಲೆಯ ಜಗಲಿ, ಕಲ್ಯಾಣ ಮಂಟಪದ ಹಾಲ್ ಸಿಕ್ಕಿದರೆ ಅದೃಷ್ಟ. ಜಾಗ ಚಿಕ್ಕದಾದರೆ ತಿರುಗುವುದು ಜಾಸ್ತಿ ಆಗಿ ದೂರ ಕಡಿಮೆ ಬರುತ್ತದೆ. ಹಾಗಾಗಿ ಮೊದಲ ಸಲ ಎಲ್ಲಿ ಮಾಡಿದಿರೋ ಮುಂದೆಯೂ ಅಲ್ಲಿಯೇ ಮಾಡಿ.

ಕುರ್ಚಿಯಿಂದ ಏಳುವ ಪರೀಕ್ಷೆಗೆ ಈ ರಗಳೆ ಇಲ್ಲ. ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿ, ಗೋಡೆಗೆ ಒತ್ತಿ ಇಡಿ. ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಂತರು? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಪಟ್ಟಿಯಲ್ಲಿ 65ರಿಂದ 69ರ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಜಾಸ್ತಿ. ಅದು ಅಲ್ಲಿನವರ ಅಂಕಿ ಎಂಬುದು ನೆನಪಿರಲಿ. ನಮ್ಮ ಅಜ್ಜಿಯನ್ನು ಅದಕ್ಕೆ ಹೋಲಿಸುವುದಕ್ಕಿಂತ ಅಜ್ಜಿಯ ಹಿಂದಿನ ಅಂಕಿಗೇ ಹೋಲಿಸುವುದು ಒಳ್ಳೆಯದು. ಇದರ ಜೊತೆಗೆ ಎದ್ದು ಮೂರು ಮೀಟರ್ ಹೋಗಿ ತಿರುಗಿ ಬಂದು ಕೂರುವ ಪರೀಕ್ಷೆಯನ್ನೂ ಮಾಡಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಸಮತೋಲನದ ವ್ಯಾಯಾಮವನ್ನು ಮೊದಲಿಗೆ ಹಾಕಿ. ಮಳೆಗಾಲದ ಅಂಗಳದಲ್ಲಿ ವಯಸ್ಸಾದವರು ಜಾರಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು.

ಮೆಟ್ಟಿಲು ಪರೀಕ್ಷೆ ರೂಮಿನೊಳಗೇ ಮುಗಿಯುತ್ತದೆ, ಕಕ್ಕಡ ತಿಂಗಳ ಮಳೆಯಲ್ಲೂ ನಡೆಯುತ್ತದೆ. ವೈಎಂಸಿಎ ಪದ್ಧತಿಯಲ್ಲಿ 12 ಇಂಚಿನ ಮೆಟ್ಟಿಲು, ನಿಮಿಷಕ್ಕೆ 24 ಸಲ ಹತ್ತಿ ಇಳಿಯುವುದು, 3 ನಿಮಿಷ. ಆಮೇಲೆ ಕೂರಿಸಿ ಒಂದು ನಿಮಿಷ ನಾಡಿ ಎಣಿಸಬೇಕು. ಮಂಡಿ ಸವೆದವರಿಗೆ ಇದು ಆಗುವುದಿಲ್ಲ. ಮೆಟೊಪ್ರೊಲೋಲ್, ಅಟೆನೊಲೋಲ್ ತರಹದ, ನಾಡಿ ನಿಧಾನ ಮಾಡುವ ಬಿಪಿ ಮತ್ತು ಹೃದಯದ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ. ಅವರ ಅಂಕಿ ನೋಡಿ 'ಒಳ್ಳೆ ಫಿಟ್ ಇದ್ದಾರೆ' ಅಂದುಕೊಂಡರೆ ಮೋಸ ಹೋಗುತ್ತೀರಿ. 220ರಿಂದ ವಯಸ್ಸು ಕಳೆಯುವ ಲೆಕ್ಕವೂ ಇವರಿಗೆ ಬೇಡ. ಬೇರೆಯವರಲ್ಲೂ ಅದು 10-12 ಬಡಿತ ಆಚೀಚೆ ಆಗುವುದು ಸಾಮಾನ್ಯ. ಬದಲಿಗೆ ಬೋರ್ಗ್ ಅಳತೆಯಲ್ಲಿ 6 (ಏನೂ ಕಷ್ಟ ಇಲ್ಲ) ರಿಂದ 20 (ಇನ್ನು ಆಗುವುದೇ ಇಲ್ಲ) ರೊಳಗೆ ಎಷ್ಟು ಕಷ್ಟ ಆಗುತ್ತಿದೆ ಎಂದು ಕೇಳಿ. ಇಲ್ಲವೇ ಮಾತಾಡಿಸಿ ನೋಡಿ. ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ಕೆಲಸ ಬಿರುಸಾಗಿದೆ ಎಂದೇ ಅರ್ಥ.

ಆಟಗಾರರಿಗೆ ಇವು ಸಾಲವು. ಹಾಕಿ ಹುಡುಗರಿಗೆ 20 ಮೀಟರ್ ಶಟಲ್ ಓಟ, ಅಂದರೆ ಬೀಪ್ ಟೆಸ್ಟ್, ಸರಿಯಾದ ಆಯ್ಕೆ. ಗಂಟೆಗೆ 8.5 ಕಿಲೋಮೀಟರ್ ವೇಗದಲ್ಲಿ ಶುರುವಾಗಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಏರುತ್ತಾ ಹೋಗುತ್ತದೆ. ಒಂದೇ ಸಲಕ್ಕೆ ಇಡೀ ತಂಡವನ್ನು ಓಡಿಸಬಹುದು. ಕೂಪರ್ ಅವರ 12 ನಿಮಿಷದ ಓಟಕ್ಕೆ ಅಳತೆ ಮಾಡಿದ ಟ್ರ್ಯಾಕ್ ಬೇಕು, ಜೊತೆಗೆ ಹಾಕಿಯಲ್ಲಿ ನಿಂತು ತಿರುಗಿ ಓಡುವುದೇ ಜಾಸ್ತಿ. ಒಂದು ಎಚ್ಚರಿಕೆ. ಇವು ಪೂರ್ತಿ ಸುಸ್ತಾಗುವವರೆಗೆ ಓಡಿಸುವ ಪರೀಕ್ಷೆಗಳು. ಪ್ರಶ್ನಾವಳಿ ದಾಟಿದವರಿಗೆ ಮಾತ್ರ. ಮೊಬೈಲ್ ನೆಟ್‌ವರ್ಕ್ ಸಿಗದ ತೋಟದ ಮೂಲೆಯಲ್ಲಿ, 108 ಬರಲಾರದ ದಾರಿಯಲ್ಲಿ ಮಾಡಬೇಡಿ.

ಚಲನೆ ನೋಡಿ ಅಂಕ ಕೊಡುವುದು

ಎಫ್‌ಎಂಎಸ್ ಎಂಬ ಪದ್ಧತಿಯಲ್ಲಿ 7 ಚಲನೆ, ಒಂದೊಂದಕ್ಕೆ 3 ಅಂಕ, ಒಟ್ಟು 21. ಕುಕ್ಕರುಗಾಲಲ್ಲಿ ಕೂರುವುದು, ಅಡ್ಡಿ ದಾಟುವುದು, ಭುಜದ ಚಲನೆ ಇತ್ಯಾದಿ. 14 ಅಥವಾ ಕಡಿಮೆ ಬಂದರೆ ಗಾಯದ ಸಾಧ್ಯತೆ ಜಾಸ್ತಿ ಎಂಬ ಮಾತು ಹುಟ್ಟಿದ್ದು 2007ರಲ್ಲಿ, ಅಮೆರಿಕದ ವೃತ್ತಿಪರ ಫುಟ್ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನದಿಂದ. ನಂತರ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. ಹಾಗಂತ ಇದು ನಿರುಪಯೋಗಿ ಅಲ್ಲ. ಯಾವ ಚಲನೆಯಲ್ಲಿ ನೋವು ಬರುತ್ತದೆ, ಎಡ ಬಲ ಎಷ್ಟು ವ್ಯತ್ಯಾಸ ಇದೆ ಎಂದು ತಿಳಿಯಲು ಚೆನ್ನಾಗಿದೆ. ಆದರೆ "ನಿಮಗೆ 13 ಬಂತು, ಗಾಯ ಗ್ಯಾರಂಟಿ" ಎಂದು ಹೆದರಿಸಿ ಪ್ಯಾಕೇಜ್ ಮಾರಬೇಡಿ. ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಿ.

ಅದಕ್ಕಿಂತ ಅಗ್ಗದ್ದು ವೈ ಬ್ಯಾಲೆನ್ಸ್. ನೆಲಕ್ಕೆ ಮೂರು ದಿಕ್ಕಿಗೆ ಟೇಪ್ ಅಂಟಿಸಿ, ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ಎಷ್ಟು ದೂರ ಚಾಚುತ್ತದೆ ನೋಡುವುದು. ಮುಂದಿನ ದಿಕ್ಕಿನಲ್ಲಿ ಎಡ ಬಲಕ್ಕೆ 4 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗಮನ ಕೊಡಿ. ಪಾದದ ಕೀಲು ಉಳುಕಿಸಿಕೊಂಡು ವಾಪಸ್ ಮೈದಾನಕ್ಕೆ ಬರುವ ಹಾಕಿ ಆಟಗಾರರಿಗೆ ನಾನು ಇದನ್ನೇ ಆರಿಸುತ್ತೇನೆ.

ಮೆಷಿನ್‌ಗಳು

ಮೈಗೆ ಸಣ್ಣ ವಿದ್ಯುತ್ ಹಾಯಿಸಿ ಕೊಬ್ಬಿನ ಶೇಕಡಾ ಹೇಳುವ ತೂಕದ ಮೆಷಿನ್ ಬಗ್ಗೆ ಎಲ್ಲರಿಗೂ ಆಸೆ. ಕ್ಲೈಂಟ್‌ಗೆ ಪ್ರಿಂಟ್ ಕೈಗೆ ಸಿಕ್ಕರೆ ಖುಷಿ. ಆದರೆ ಅದು ಅಳೆಯುವುದು ಮೈಯ ನೀರನ್ನು, ಕೊಬ್ಬು ಬರುವುದು ಲೆಕ್ಕದಿಂದ. ನೀರು ಕುಡಿದದ್ದು, ಬೆವರಿದ್ದು, ಮುಟ್ಟಿನ ದಿನಗಳು ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ. ಪೇಸ್‌ಮೇಕರ್ ಇದ್ದವರು ಅದರ ಮೇಲೆ ನಿಲ್ಲಲೇಬಾರದು. ಮನೆ ಬಳಕೆಯದು ಒಂದೆರಡು ಸಾವಿರಕ್ಕೆ ಸಿಗುತ್ತದೆ, ವೃತ್ತಿಪರರದು ಲಕ್ಷಗಳಲ್ಲಿ. ನನ್ನ ಮಟ್ಟಿಗೆ ಟೇಪು ಸಾಕು. ಭಾರತೀಯರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ. ಬಿಎಂಐ ನೋಡುವುದಾದರೂ ನಮಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಫೋನಿನ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಾಣುವ 25, 30ರ ಗೆರೆ ನಮ್ಮದಲ್ಲ.

ದುಡ್ಡು ಹಾಕಲೇಬೇಕು ಅಂದರೆ ಕೈ ಹಿಡಿತ ಅಳೆಯುವ ಡೈನಮೋಮೀಟರ್ ತನ್ನಿ. ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಇದ್ದರೆ ಸ್ನಾಯುಬಲ ಕುಗ್ಗಿದೆ ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೆರೆ ಹಾಕಿದೆ. ನಮ್ಮ ಖಂಡದವರ ಅಂಕಿ ಎಂಬ ಸಮಾಧಾನ ಇದೆ. ಅರ್ಧ ನಿಮಿಷದ ಕೆಲಸ, ಸೀರೆ ಉಟ್ಟವರಿಗೂ ತೊಂದರೆ ಇಲ್ಲ.

ಟಿಎಂಟಿ, ಲ್ಯಾಬ್

ಟ್ರೆಡ್‌ಮಿಲ್ ಮೇಲೆ ಇಸಿಜಿ ನೋಡುತ್ತಾ ಮಾಡುವ ಟಿಎಂಟಿ ಡಾಕ್ಟರ ಕೆಲಸ, ನಮ್ಮದಲ್ಲ. ಬ್ರೂಸ್ ಪದ್ಧತಿಯಲ್ಲಿ ಮೊದಲ ಹಂತವೇ ಶೇಕಡಾ 10ರ ಏರು, ಗಂಟೆಗೆ 2.7 ಕಿಲೋಮೀಟರ್. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಜಾಸ್ತಿ ಆಗುತ್ತವೆ. ಲಕ್ಷಣ ಇದ್ದವರಿಗೆ, ಡಾಕ್ಟರ್ ಬೇಕು ಅಂದವರಿಗೆ ಇದು ಸರಿ. ಮೈಸೂರಿನ ಜಯದೇವದವರೆಗೆ ಹೋಗಬೇಕಾದರೂ ಹೋಗಲಿ. ಆರೋಗ್ಯವಾಗಿರುವ 30ರ ಹುಡುಗಿಗೆ ಸುಮ್ನೆ ಬರೆದುಕೊಡಬೇಡಿ. ಉಸಿರಿನ ಗಾಳಿ ಅಳೆದು ವಿಒ2 ಮ್ಯಾಕ್ಸ್, ಅಂದರೆ ಮೈ ಅತಿ ಹೆಚ್ಚು ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು, ಹೇಳುವ ಲ್ಯಾಬ್ ಬೇಕಾಗುವುದು ರಾಜ್ಯ, ದೇಶದ ಮಟ್ಟದ ಆಟಗಾರರಿಗೆ. ಉಳಿದವರಿಗೆ ಬೀಪ್ ಟೆಸ್ಟ್ ಸಾಕು.

ಕೈ ಒತ್ತಿ ಕಾಯಿಲೆ ಹೇಳುವುದು

ಒಂದು ಕೈಯಲ್ಲಿ ಮಾತ್ರೆ ಬಾಟಲಿ ಹಿಡಿಸಿ, ಇನ್ನೊಂದು ತೋಳು ಒತ್ತಿ, ತೋಳು ಇಳಿದರೆ 'ಇದು ನಿಮಗೆ ಆಗುವುದಿಲ್ಲ' ಅನ್ನುವ ಪದ್ಧತಿಯೂ ಕಿನೀಸಿಯಾಲಜಿ ಹೆಸರಿನಲ್ಲೇ ಓಡಾಡುತ್ತದೆ. ಅಮೆರಿಕದ ಕೈರೋಪ್ರಾಕ್ಟರ್ (ಬೆನ್ನೆಲುಬನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಜಾರ್ಜ್ ಗುಡ್‌ಹಾರ್ಟ್ 1964ರಲ್ಲಿ ಶುರು ಮಾಡಿದ್ದು. ಬಾಟಲಿಯಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಾಗದಂತೆ ಪರೀಕ್ಷಿಸಿದಾಗ ಫಲಿತಾಂಶ ಊಹೆಗಿಂತ ಉತ್ತಮವಾಗಿರಲಿಲ್ಲ. ಮೇಲಿನ ಕೋಲಿನಲ್ಲಿ ಒಂದು ಗೆರೆಯನ್ನೂ ಇದು ಮುಟ್ಟುವುದಿಲ್ಲ. ಫಿಸಿಯೋಥೆರಪಿಸ್ಟ್‌ಗಳು ಸ್ನಾಯುವಿಗೆ 0ರಿಂದ 5 ಅಂಕ ಕೊಡುವ ಪರೀಕ್ಷೆ ಬೇರೆ, ಅದರ ಜೊತೆ ಇದನ್ನು ಬೆರೆಸಬೇಡಿ.

ಕೆನಡಾದ ಒಂಟಾರಿಯೊದಲ್ಲಿ 2007ರ ಕಾನೂನಿನಂತೆ ಕಿನೀಸಿಯಾಲಜಿಸ್ಟ್ ಎಂದು ಹೇಳಿಕೊಳ್ಳಲು ನೋಂದಣಿ ಬೇಕು. ನಮ್ಮಲ್ಲಿ ಸಹವರ್ತಿ ಆರೋಗ್ಯ ವೃತ್ತಿಪರರ 2021ರ ಕಾಯ್ದೆಯಡಿ ಫಿಸಿಯೋಥೆರಪಿಸ್ಟ್‌ಗಳು ಬರುತ್ತಾರೆ. ನೀವು ಫಿಸಿಯೋ ಓದಿಲ್ಲದಿದ್ದರೆ ಊದಿದ ಮಂಡಿಯನ್ನು ಎಳೆದು ಲಿಗಮೆಂಟ್ ನೋಡಲು ಹೋಗಬೇಡಿ. ಪಕ್ಕದ ಫಿಸಿಯೋ ಹತ್ತಿರ ಕಳಿಸಿ. ಒಳ್ಳೆಯ ಫಿಸಿಯೋ ಒಬ್ಬರ ಪರಿಚಯ ಯಾವ ಮೆಷಿನ್‌ಗಿಂತಲೂ ಬೆಲೆಯದು.

ಯಾರಿಗೆ ಯಾವುದು

ವಯಸ್ಸಾದವರಿಗೆ ಪ್ರಶ್ನೆ, ಬಿಪಿ, ಕುರ್ಚಿ, ಮೂರು ಮೀಟರ್ ನಡಿಗೆ, ಕೈ ಹಿಡಿತ. ಅರ್ಧ ಗಂಟೆ ಸಾಕು, ಮನೆಗೇ ಹೋಗಿ ಮಾಡಬಹುದು.

ತೋಟದ ಕೆಲಸದವರ ವಿಷಯ ಬೇರೆ. ಅವರಿಗೆ ದಮ್ಮು ಸಾಮಾನ್ಯವಾಗಿ ನಮಗಿಂತ ಜಾಸ್ತಿ ಇರುತ್ತದೆ, ನಡಿಗೆ ಪರೀಕ್ಷೆಯಿಂದ ಹೊಸದೇನೂ ತಿಳಿಯುವುದಿಲ್ಲ. ಕಾಫಿ ಮೂಟೆ ಹೊತ್ತು ಸೊಂಟ, ಏಣಿ ಮೇಲೆ ನಿಂತು ಕರಿಮೆಣಸು ಕೊಯ್ದು ಭುಜ ಮತ್ತು ಕತ್ತು ನೋಯುತ್ತಿರುತ್ತದೆ. ಇಲ್ಲಿ ನಾರ್ಡಿಕ್ ಪ್ರಶ್ನಾವಳಿ ತುಂಬ ಉಪಯೋಗಕ್ಕೆ ಬರುತ್ತದೆ. ಮೈಯ ಚಿತ್ರದಲ್ಲಿ 9 ಭಾಗ ಗುರುತಿಸಿರುತ್ತಾರೆ. ಕಳೆದ 12 ತಿಂಗಳು ಮತ್ತು ಕಳೆದ 7 ದಿನದಲ್ಲಿ ಎಲ್ಲಿ ನೋವಿತ್ತು ಎಂದು ಬೆರಳು ಇಟ್ಟು ತೋರಿಸಿದರೆ ಆಯಿತು, ಭಾಷೆಯ ತೊಡಕು ಅರ್ಧ ಕಳೆಯುತ್ತದೆ. ಆಮೇಲೆ ಅವರು ದಿನಾ ಎತ್ತುವ ಹಾಗೆಯೇ ಹಗುರ ಭಾರದಿಂದ ಶುರು ಮಾಡಿ ಎತ್ತಿಸಿ ನೋಡಿ. ಇವರಿಗೆ ಕೆಲಸ ಬಿಟ್ಟು ಬಂದರೆ ಆ ದಿನದ ಕೂಲಿ ಹೋಗುತ್ತದೆ. ಸಂತೆ ದಿನ ಪೇಟೆಗೆ ಬಂದಾಗ ಸಮಯ ಕೊಡಿ.

ಬೇಸಿಗೆ ಹಾಕಿಯ ಹಿರಿಯರನ್ನು ಜನವರಿಯಲ್ಲೇ ಕರೆಯಿರಿ. ಡಾಕ್ಟರ್, ಔಷಧಿ, ತಯಾರಿ ಎಲ್ಲಕ್ಕೂ ಸಮಯ ಸಿಗುತ್ತದೆ. ಏಪ್ರಿಲ್‌ನಲ್ಲಿ ಬಂದರೆ ಬಿಪಿ ನೋಡಿ ಬೇಡ ಅನ್ನುವುದೊಂದೇ ಉಳಿಯುತ್ತದೆ, ಅದನ್ನು ಅವರು ಕೇಳುವುದಿಲ್ಲ. ಶಾಲೆ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಇರಲಿ. ಎಲ್ಲರೆದುರು ತೂಕ ನೋಡಬೇಡಿ.

ಬಜೆಟ್ ಐದು ಸಾವಿರ ಇದ್ದರೆ ಬಿಪಿ ಮೆಷಿನ್, ದೊಡ್ಡ ಪಟ್ಟಿ, ಟೇಪು, ಗಟ್ಟಿ ಕುರ್ಚಿ, ಫೋನಿನಲ್ಲಿ ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಕೊಡುವ ಆ್ಯಪ್). ಇಷ್ಟರಲ್ಲೇ ಹೆಚ್ಚಿನವರಿಗೆ ಬೇಕಾದ ಪರೀಕ್ಷೆಗಳು ಮುಗಿಯುತ್ತವೆ. ಇಪ್ಪತ್ತೈದು ಸಾವಿರದವರೆಗೆ ಇದ್ದರೆ ಡೈನಮೋಮೀಟರ್, ಎದೆಗೆ ಕಟ್ಟುವ ನಾಡಿ ಪಟ್ಟಿ, ಅಳತೆಯ ಮೆಟ್ಟಿಲು ಸೇರಿಸಿ. ಅದಕ್ಕಿಂತ ಜಾಸ್ತಿ ಇದ್ದರೆ ಕೊಬ್ಬಿನ ಮೆಷಿನ್ ಬದಲು ಮಟ್ಟಸ ನೆಲದ ದೊಡ್ಡ ಜಾಗಕ್ಕೆ ಬಾಡಿಗೆ ಕೊಡಿ, ಸಿಪಿಆರ್ ತರಬೇತಿ ಪಡೆಯಿರಿ.

ಮರುಪರೀಕ್ಷೆ ಎಂಟು ಹತ್ತು ವಾರಕ್ಕೊಮ್ಮೆ ಸಾಕು, ಬಿಪಿ ಮಾತ್ರ ಜೋರಿನ ವ್ಯಾಯಾಮದ ದಿನಗಳಲ್ಲಿ ನೋಡುತ್ತಿರಿ. ಕೊಯ್ಲಿನ ನಡುವೆ ತೆಗೆದ ಅಂಕಿಯನ್ನು ಮಳೆಗಾಲದ ಅಂಕಿಗೆ ಹೋಲಿಸುವಾಗ ಹುಷಾರು. ಹಾಳೆಯಲ್ಲಿ ದಿನ, ಹೊತ್ತು, ಜಾಗ, ಕಾಲಿಗೆ ಹಾಕಿದ್ದ ಶೂ ಬರೆದಿಡಿ. ಒಂದು ಪ್ರತಿ ಕ್ಲೈಂಟ್ ಕೈಗೆ ಕೊಡಿ, ಡಾಕ್ಟರ ಹತ್ತಿರ ಹೋದಾಗ ತೋರಿಸಲು ಬೇಕಾಗುತ್ತದೆ. ಇನ್ನೊಂದನ್ನು ಬೀಗ ಹಾಕಿದ ಡ್ರಾಯರ್‌ನಲ್ಲಿ ಇಡಿ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ, ಯಾರ ಸಕ್ಕರೆ ಎಷ್ಟಿದೆ ಎಂಬ ಸುದ್ದಿ ಮದುವೆ ಮನೆಗೆ ಹೋಗುವ ಮೊದಲೇ ಅಲ್ಲಿಗೆ ತಲುಪಿರುತ್ತದೆ.